ಕೆರೆಯ ಮೀನು ಯಾರ ಸೊತ್ತು?

ರಾಯಚೂರು ಎಂದೊಡನೆ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಅಲ್ಲಿಯ ಬಿಸಿಲು. ಆಮೇಲೆ ಹತ್ತಿ, ಬಿಳಿಜೋಳ, ಬತ್ತ, ಹಟ್ಟಿಯ ಚಿನ್ನ, ಶಕ್ತಿನಗರದ ವಿದ್ಯುತ್ತು ಇವೆಲ್ಲ ನೆನಪಾಗಬಹುದು. ಈ ಪಟ್ಟಿಯಲ್ಲಿ ಮೀನನ್ನು ಸೇರಿಸುವವರು ತೀರ ವಿರಳ. ಆದರೆ ಭೂಪಟವನ್ನೊಮ್ಮೆ ಬಿಡಿಸಿ ನೋಡಿದರೆ ಈ ಜಿಲ್ಲೆಯು ಎರಡು ಮಹಾನದಿಗಳ ನಡುವಣ ನೆಲವೆಂಬುದು ಸ್ಪಷ್ಟವಾಗುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ ತಾಲ್ಲೂಕು ಕೃಷ್ಣೆಯ ದಡವನ್ನು ಹಿಡಿದಿದೆ. ಮಾನ್ವಿಯ ಸೀಮೆ ತುಂಗಭದ್ರೆಯವರೆಗೆ ಚಾಚಿದೆ. ರಾಯಚೂರು ನಗರವು ಇವೆರಡು ಹೊಳೆಗಳ ನಡುವೆ ಮೂಡಲಿಗೆ ಸರಿದು ಕುಳಿತಿದೆ. ನಡುವೆ ಇರುವುದೆಲ್ಲ ಕಣ್ಣು ಹಾಯುವಷ್ಟು ದೂರ ಹಬ್ಬಿದ ಎರೆಯ ಬಯಲು. ವರ್ಷಕ್ಕೆ 600ರಿಂದ 700 ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುವ ಈ ಬಯಲಿನಲ್ಲಿ, ಹೊಳೆಯಿಂದ ದೂರವಾದ ಹಳ್ಳಿಗಳು ಬದುಕಿದ್ದು ಕೆರೆಗಳಿಂದ. ಕರ್ಣಾಟಕದಲ್ಲಿ ಒಟ್ಟು ಸುಮಾರು ಮೂವತ್ತಾರು ಸಾವಿರ ಕೆರೆಗಳುಂಟೆಂದು ಲೆಕ್ಕ ಹೇಳುವರು. ರಾಯಚೂರು ನಗರದ ನಡುವೆಯೇ ಇರುವ ಮಾವಿನಕೆರೆಯಿಂದ ಹಿಡಿದು ದೇವದುರ್ಗದ ಕಡೆಯ ಹೆಸರಿಲ್ಲದ ಕುಂಟೆಗಳವರೆಗೆ, ನಮ್ಮ ಕೆರೆಗಳೂ ಈ ಲೆಕ್ಕಕ್ಕೆ ಸೇರಿದವು.

ಕೆರೆಯ ನೀರಿಗೆ ಹಕ್ಕುದಾರರಿದ್ದಾರೆ. ಅವರು ಅಚ್ಚುಕಟ್ಟಿನ ರೈತರು. ಕೆರೆಯ ಗೋಡುಮಣ್ಣನ್ನು ಬೇಸಗೆಯಲ್ಲಿ ಹೊಲಕ್ಕೆ ಹೇರಿಕೊಂಡು ಹೋಗುವವರಿದ್ದಾರೆ. ಹಾಗಾದರೆ ಕೆರೆಯ ಮೀನು ಯಾರ ಸೊತ್ತು? ದೊಡ್ಡ ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆಯೂ ಚಿಕ್ಕ ಕೆರೆಗಳಲ್ಲಿ ಗ್ರಾಮ ಪಂಚಾಯತಿಯೂ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವುದು ಇಂದಿನ ಪದ್ಧತಿ. ಮೀನುಗಾರರ ಸಹಕಾರ ಸಂಘಗಳು ಇದನ್ನು ಪಡೆಯುವುದುಂಟು. ಹೆಚ್ಚು ಹಣ ಕೂಗಿದ ಖಾಸಗಿಯವರು ಪಡೆಯುವುದೂ ಉಂಟು. ಕಾಗದದ ಮಟ್ಟಿಗೆ ಪ್ರಶ್ನೆಗೆ ಉತ್ತರ ದೊರೆಯಿತು. ಆದರೆ ಜೀವಶಾಸ್ತ್ರದ ಮಟ್ಟಿಗೆ ದೊರೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಮೀನೆಂಬುದು ಸೇರಿನಿಂದ ಅಳೆದು ಒಂದೇ ಸಲ ಮಾರಿಬಿಡುವ ಪದಾರ್ಥವಲ್ಲ. ಅದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸಂಪತ್ತು. ಅದನ್ನು ಹಾಗೆ ಕಾಣದೆ ಹೋದರೆ ಕೆರೆಯೂ ಬಡವಾಗುತ್ತದೆ, ಕೆರೆಯನ್ನು ನಂಬಿದ ಬಡವನೂ ಇನ್ನಷ್ಟು ಬಡವನಾಗುತ್ತಾನೆ. ಈ ಮಾತಿಗೆ ಆಧಾರವೇನೆಂಬುದನ್ನು ವಿದ್ಯಾರ್ಥಿ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೀನಿನ ವಿಷಯವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಒಂದುಂಟು. ಯಾವ ಮೀನು ಎಂತಹುದು, ಯಾವುದಕ್ಕೆ ಎಂತಹ ಆಹಾರವನ್ನು ಗಾಳಕ್ಕೆ ಕಟ್ಟಬೇಕು ಎಂಬ ವಿವರಗಳನ್ನು ಅದು ಕೊಡುತ್ತದೆ. ಅದೇ ಶತಮಾನದ ಶರಣರಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನಿದ್ದನು. ಇನ್ನೂ ಹಿಂದಕ್ಕೆ ಹೋದರೆ ಅಶೋಕ ಚಕ್ರವರ್ತಿ. ಅವನ ಹೆಸರನ್ನೇ ಹೊತ್ತ ಶಿಲಾಶಾಸನವು ಬೆಳಕಿಗೆ ಬಂದದ್ದು ಇದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಅದೇ ಚಕ್ರವರ್ತಿಯು ಉತ್ತರ ಭಾರತದಲ್ಲಿ ನಿಲ್ಲಿಸಿದ ಸ್ತಂಭಗಳ ಐದನೆಯ ಶಾಸನದಲ್ಲಿ, ವರ್ಷದ ಕೆಲವು ಗೊತ್ತಾದ ದಿನಗಳಂದು ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂಬ ಆಜ್ಞೆಯಿದೆ. ಅವನ ಕಾರಣ ಧರ್ಮವಾಗಿತ್ತು. ನಮ್ಮ ಕಾರಣ ವಿಜ್ಞಾನ. ಆದರೆ ಮೀನು ಹಿಡಿಯಲು ಒಂದು ಕಾಲ, ಬಿಡಲು ಒಂದು ಕಾಲ ಎಂಬ ವಿವೇಕವು ಎರಡು ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯದೆಂಬುದನ್ನು ನಾವು ಮರೆಯತಕ್ಕುದಲ್ಲ.

ಮೊದಲು ಎರೆನೆಲದ ಕೆರೆಯೊಂದು ಹೇಗೆ ಬದುಕುತ್ತದೆಂಬುದನ್ನು ನೋಡೋಣ. ಕೆರೆಯ ನೀರಿನಲ್ಲಿ ಬರಿಯ ಕಣ್ಣಿಗೆ ಕಾಣದ ಅಸಂಖ್ಯ ಹಸುರು ಜೀವಿಗಳು ತೇಲುತ್ತಿರುತ್ತವೆ. ಇವನ್ನು ಸಸ್ಯಪ್ಲವಕಗಳೆನ್ನುವರು. ಹೊಲಕ್ಕೆ ಪೈರು ಹೇಗೋ ಕೆರೆಗೆ ಇವು ಹಾಗೆ. ಇವನ್ನು ತಿಂದು ಬಾಳುವ ಸೂಕ್ಷ್ಮ ಪ್ರಾಣಿಗಳೇ ಪ್ರಾಣಿಪ್ಲವಕಗಳು. ಇವೆರಡನ್ನೂ ಮೀನುಗಳು ತಿನ್ನುತ್ತವೆ. ಆದುದರಿಂದ ಕೆರೆಯಲ್ಲಿ ಎಷ್ಟು ಮೀನು ಬೆಳೆಯಬಹುದೆಂಬುದು ಕಟ್ಟಕಡೆಗೆ ನೀರಿನೊಳಕ್ಕೆ ಎಷ್ಟು ಆಳದವರೆಗೆ ಬಿಸಿಲು ಇಳಿಯುವುದೆಂಬುದನ್ನು ಅವಲಂಬಿಸಿದೆ. ಎರೆಮಣ್ಣಿನ ಕಣಗಳು ಬಹು ನಯವಾದವು. ಒಮ್ಮೆ ಕದಡಿದರೆ ಬೇಗ ತಳಕ್ಕೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕೆರೆಗಳು ಚಹದ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಆ ಬಣ್ಣದಡಿಯಲ್ಲಿ ಬೆಳಕು ಅಡಗಿಹೋಗುತ್ತದೆ. ಇನ್ನೊಂದು ಕಡೆ ಇದೇ ಮಣ್ಣು ಸುಣ್ಣದ ಅಂಶವನ್ನು ಧಾರಾಳವಾಗಿ ಹೊಂದಿರುವುದರಿಂದ, ತಿಳಿಯಾದ ಮೇಲೆ ನೀರು ಸಾಕಷ್ಟು ಫಲವತ್ತಾಗಿಯೇ ಇರುತ್ತದೆ. ಎರೆನೆಲದ ಕೆರೆಯಿಂದ ಮೀನಿಗೆ ಬರುವ ಲಾಭವೂ ತೊಡಕೂ ಈ ಒಂದೇ ಮಣ್ಣಿನವು.

ಎರಡನೆಯ ಸಂಗತಿ ಉಸಿರಿನದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ನೀರು ಕಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕ ಕಡಮೆಯಾಗುತ್ತ ಬರುತ್ತದೆ. 20 ಡಿಗ್ರಿ ಸೆಲ್ಸಿಯಸಿನ ಒಂದು ಲೀಟರು ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ನಿಲ್ಲಬಲ್ಲುದಾದರೆ, 30 ಡಿಗ್ರಿಯಲ್ಲಿ ನಿಲ್ಲುವುದು ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ. ಬಿಸಿ ನೀರಿನಲ್ಲಿ ಮೀನಿನ ದೇಹವ್ಯಾಪಾರ ಚುರುಕಾಗುವುದರಿಂದ ಅದಕ್ಕೆ ಬೇಕಾದ ಆಮ್ಲಜನಕವೋ ಹೆಚ್ಚು. ಹೀಗೆ ಆದಾಯ ಕುಗ್ಗಿ ವೆಚ್ಚ ಹಿಗ್ಗುವ ಸಂಸಾರದಂತೆ ಬೇಸಗೆಯಲ್ಲಿ ಮೀನಿನ ಪಾಡು. ಹಗಲಿನಲ್ಲಿ ಸಸ್ಯಪ್ಲವಕಗಳು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ಬಿಡುತ್ತವೆ; ರಾತ್ರಿಯಲ್ಲಿ ಅವೂ ಉಸಿರಾಡಿ ಅದನ್ನೇ ಬಳಸಿಕೊಳ್ಳುತ್ತವೆ. ಆದುದರಿಂದ ದಿನದಲ್ಲಿ ಅತ್ಯಂತ ಸಂಕಟದ ಗಳಿಗೆಯೆಂದರೆ ಸೂರ್ಯೋದಯಕ್ಕೆ ಸ್ವಲ್ಪ ಮುಂಚಿನದು. ಏಪ್ರಿಲ್ ಮೇ ತಿಂಗಳುಗಳ ಮುಂಜಾವಿನಲ್ಲಿ ಮೊಣಕಾಲಾಳದ ಕೆರೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಅದು ಆಟವಲ್ಲ, ಉಸಿರಿಗಾಗಿ ಹೋರಾಟ.

ಇದೇ ಸಂಕಟವನ್ನು ಭೂಮಿಯ ಇನ್ನೊಂದು ಬಯಲಿನ ಮೀನುಗಳು ತೀರ ವಿರುದ್ಧವಾದ ಋತುವಿನಲ್ಲಿ ಅನುಭವಿಸುತ್ತವೆ. ಕೆನಡ ದೇಶದ ಪ್ರೇರಿ ಹುಲ್ಲುಬಯಲಿನಲ್ಲಿ ನಮ್ಮವುಗಳಂತೆಯೇ ಆಳವಿಲ್ಲದ ಸಾವಿರಾರು ಸರೋವರಗಳಿವೆ. ಅಲ್ಲಿ ಚಳಿಗಾಲದಲ್ಲಿ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿ, ಅದರ ಮೇಲೆ ಹಿಮ ಬಿದ್ದು, ಬೆಳಕು ಒಳಗೆ ಇಳಿಯದೆ ಹೋಗುತ್ತದೆ. ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಗಾಳಿಯಿಂದಲೂ ಆಮ್ಲಜನಕ ಸೇರದು, ಆಳ ಕಡಮೆಯಾದ ಸರೋವರಗಳಲ್ಲಿ ಮೀನುಗಳು ರಾಶಿರಾಶಿಯಾಗಿ ಸಾಯುತ್ತವೆ. ಅಲ್ಲಿ ಕೊಲ್ಲುವುದು ಚಳಿ, ಇಲ್ಲಿ ಕೊಲ್ಲುವುದು ಬಿಸಿಲು. ಕಾರಣ ಮಾತ್ರ ಒಂದೇ, ಉಸಿರಿಲ್ಲದ ನೀರು. ಎರಡು ಕಡೆಗಳಲ್ಲೂ ಉಳಿಯುವುದು ಆಳವಾದ ಮಡುವನ್ನು ಸೇರಿದ ಮೀನು. ಗಾಳ ಹಾಕುವವನು ಪರವಾನಗಿ ಪಡೆಯಬೇಕು, ದಿನಕ್ಕೆ ಇಷ್ಟೇ ಮೀನು ಹಿಡಿಯಬೇಕು, ಮೊಟ್ಟೆಯಿಡುವ ಕಾಲದಲ್ಲಿ ಹಿಡಿಯಕೂಡದು ಎಂಬ ನಿಯಮಗಳನ್ನು ಆ ನಾಡಿನವರು ಮಾಡಿಕೊಂಡಿದ್ದಾರೆ. ಜನಸಂಖ್ಯೆ ವಿರಳವಾದ, ನೀರು ಹೇರಳವಾದ ನಾಡಿಗೇ ಇಂತಹ ಎಚ್ಚರಿಕೆ ಅವಶ್ಯವಾದರೆ, ನೀರೇ ವಿರಳವಾದ ನಮ್ಮ ನಾಡಿಗೆ ಅದು ಎಷ್ಟು ಅವಶ್ಯ!

ಪ್ರಕೃತಿಯಾದರೋ ಈ ಬಯಲಿನ ಮೀನುಗಳಿಗೆ ಬರವನ್ನು ಎದುರಿಸುವ ವಿದ್ಯೆಯನ್ನು ಕಲಿಸಿಯೇ ಇದೆ. ಕೊರವ ಅಥವಾ ಕುಚ್ಚುಮೀನಿನ ತಲೆಯಲ್ಲಿ ಕಿವಿರುಗಳ ಮೇಲ್ಗಡೆ ಗಾಳಿಯನ್ನು ಹಿಡಿದಿಡುವ ಒಂದು ಗೂಡುಂಟು. ಅದು ನೀರಿನ ಮೇಲೆ ಬಂದು ಗುಟುಕು ಗಾಳಿಯನ್ನು ನುಂಗಿ ಕೆಸರಿನಲ್ಲಿಯೂ ಬಹುಕಾಲ ಬದುಕಬಲ್ಲುದು. ಚೇಳುಮೀನಿಗೆ ಬೆನ್ನಿನುದ್ದಕ್ಕೂ ಗಾಳಿಚೀಲಗಳುಂಟು. ಇದಕ್ಕಿಂತಲೂ ಆಶ್ಚರ್ಯವಾದುದು ಕೊರವಮೀನಿನ ವಾತ್ಸಲ್ಯ. ನೀರುಗಿಡಗಳ ನಡುವೆ ತೇಲುವ ಮೊಟ್ಟೆಗಳನ್ನೂ, ಆಮೇಲೆ ಕೆಂಪಗೆ ಗುಂಪಾಗಿ ತಿರುಗುವ ಮರಿಗಳನ್ನೂ ತಾಯಿತಂದೆಗಳೆರಡೂ ಕಾಯುತ್ತವೆ. ಹೀಗೆ ಮರಿಗಳ ಬಳಿಯೇ ಸುಳಿಯುತ್ತಿರುವುದರಿಂದ ಅವನ್ನು ಹಿಡಿಯುವುದು ಸುಲಭ. ಆದರೆ ಹಿಡಿದವನು ಒಂದು ಮೀನನ್ನಲ್ಲ, ಒಂದು ಸಂಸಾರವನ್ನೇ ತೆಗೆದನೆಂದು ತಿಳಿಯಬೇಕು, ಏಕೆಂದರೆ ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳು ನುಂಗಿಬಿಡುತ್ತವೆ. ನೆರೆಯ ತೆಲಂಗಾಣವು 2016ರಲ್ಲಿ ಇದೇ ಮೀನನ್ನು ತನ್ನ ರಾಜ್ಯಮೀನೆಂದು ಗೌರವಿಸಿತು. ಆದರೆ ಅಲ್ಲಿಯೇ, ಮೃಗಶಿರಾ ಮಳೆ ಹುಟ್ಟುವ ದಿನ ಮೀನು ತಿನ್ನುವ ವಾಡಿಕೆಯೂ ಬಲವಾಗಿದೆ. ಅದು ಜೂನ್ ತಿಂಗಳ ಮೊದಲ ವಾರ ಕಳೆಯುವ ಹೊತ್ತು. ನಮ್ಮ ನೀರುಗಳ ಅನೇಕ ಮೀನುಗಳು ಮೊಟ್ಟೆ ತುಂಬಿಕೊಂಡು ಹೊಸನೀರಿಗಾಗಿ ಕಾಯುವ ಹೊತ್ತು.

ಈಗ ಮನುಷ್ಯನು ಮಾಡಿದ ಒಳ್ಳೆಯ ಕೆಲಸವೊಂದನ್ನು ಹೇಳಬೇಕು. ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆಜಾತಿಯ ಮೀನುಗಳು ಕೆರೆಯಲ್ಲಿ ಕೂಡಿ ಬಾಳಲು ತಕ್ಕವು. ಕಾಟ್ಲಾ ಮೇಲ್ಪದರದ ಪ್ರಾಣಿಪ್ಲವಕಗಳನ್ನೂ, ರೋಹು ನಡುನೀರಿನ ಆಹಾರವನ್ನೂ, ಮೃಗಾಲ್ ತಳದ ಕೊಳೆತ ಪದಾರ್ಥವನ್ನೂ ತಿನ್ನುವುದರಿಂದ ಅವುಗಳೊಳಗೆ ಹೆಚ್ಚು ಪೈಪೋಟಿಯಿಲ್ಲ. ಒಂದೇ ಮನೆಯ ಮೂರು ಅಂತಸ್ತುಗಳಲ್ಲಿ ಮೂರು ಒಕ್ಕಲು ಇದ್ದಂತೆ. ಆದರೆ ಇವು ನಿಂತ ನೀರಿನಲ್ಲಿ ಮೊಟ್ಟೆಯಿಡವು. ಇವಕ್ಕೆ ಹರಿಯುವ ಪ್ರವಾಹವೇ ಬೇಕು. ಹಿಂದೆ ಬಂಗಾಳದ ನದಿಗಳಲ್ಲಿ ಮರಿಗಳನ್ನು ಸೋಸಿ ರೈಲಿನಲ್ಲಿ ದೂರದೂರಕ್ಕೆ ಸಾಗಿಸುತ್ತಿದ್ದರು. 1957ರ ಜುಲೈ 10ರಂದು ಒರಿಸ್ಸದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ಸತ್ತ್ವವನ್ನು ಚುಚ್ಚುಮದ್ದಾಗಿ ಕೊಟ್ಟು ಈ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಇಂದು ದೇಶದ ಉದ್ದಗಲಕ್ಕೆ ಕೆರೆಗಳಿಗೆ ಮರಿ ಬಿಡುವುದು ಸಾಧ್ಯವಾಗಿರುವುದು ಈ ಆವಿಷ್ಕಾರದಿಂದ. ಜುಲೈ 10ನ್ನು ದೇಶವು ಮೀನುಕೃಷಿಕರ ದಿನವಾಗಿ ಆಚರಿಸುತ್ತಿರುವುದು ಉಚಿತವೇ ಆಗಿದೆ. ನಾವು ಈ ವಿದ್ಯೆಯ ವಿರೋಧಿಗಳಲ್ಲ.

ಆದರೆ ವಿದ್ಯೆಯೊಂದು ಬಂದಾಗ ಅದರೊಡನೆ ಒಂದು ಸೋಮಾರಿತನವೂ ಬರುವುದುಂಟು. ವರ್ಷವರ್ಷವೂ ಹೊರಗಿನಿಂದ ಮರಿಗಳು ಬರುವುದಾದರೆ ಕೆರೆಯಲ್ಲಿ ತಾಯಿಮೀನು ಉಳಿಯಬೇಕಾದ ಅವಶ್ಯಕತೆಯೇನು ಎಂಬ ಭಾವನೆ ಬೆಳೆಯುತ್ತದೆ. ಗುತ್ತಿಗೆ ಹಿಡಿದವನು ಕೂಗಿದ ಹಣವನ್ನು ಬೇಗ ಎತ್ತಿಕೊಳ್ಳಲು ನೋಡುವುದು ಸಹಜ. ತಾನು ಬಿಟ್ಟ ಮರಿಗಳನ್ನು ತಿನ್ನುವ ಕೊರವ, ಬಾಳೆ ಮುಂತಾದ ನಾಡಮೀನುಗಳು ಅವನ ಕಣ್ಣಿಗೆ ಕಳೆಯಂತೆ ಕಾಣುತ್ತವೆ. ಪೈಸೆಗೆ ಬಾರದ ಚಿಕ್ಕ ಮೀನುಗಳು ಬರಿಯ ಆಹಾರಗಳ್ಳರಂತೆ ಕಾಣುತ್ತವೆ. ಹೀಗಾಗಿ ನಯವಾದ ಕಣ್ಣಿನ ಬಲೆಯಿಂದ ಎಲ್ಲವನ್ನೂ ಬಳಿದುಬಿಡುವುದು, ಕೊನೆಗೆ ಉಳಿದ ನೀರನ್ನು ಪಂಪಿನಿಂದ ಹೊರಹಾಕಿ ಕೆಸರನ್ನೇ ಸೋಸುವುದು, ಇನ್ನೂ ಕೆಟ್ಟ ಕಡೆಗಳಲ್ಲಿ ನೀರಿಗೆ ವಿಷ ಬೆರೆಸುವುದು ನಡೆಯುತ್ತದೆ. ಬರಿದಾದ ಇಂತಹ ನೀರಿಗೆ 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯ, ಎಂದರೆ ಜಿಲೇಬಿ ಮೀನು, ಬಂದು ಸೇರಿತೆಂದರೆ ಹಾಳೂರಿಗೆ ಉಳಿದವನೇ ಗೌಡನೆಂಬಂತೆ ಆಗುತ್ತದೆ. ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು, ಮೊಟ್ಟೆಗಳನ್ನು ಬಾಯಿಯಲ್ಲಿಟ್ಟು ಕಾಯುವ ಆ ಮೀನು ಕೆರೆಯನ್ನೆಲ್ಲ ತುಂಬಿ, ಆಹಾರ ಸಾಲದೆ ತಾನೂ ಅಂಗೈಯಗಲಕ್ಕಿಂತ ಬೆಳೆಯದೆ ನಿಲ್ಲುತ್ತದೆ.

ಎಳೆಯ ಮೀನನ್ನು ಹಿಡಿಯುವುದರಿಂದ ಆಗುವ ನಷ್ಟವನ್ನು ಪ್ರೌಢಶಾಲೆಯ ಗಣಿತದಿಂದಲೇ ತೋರಿಸಬಹುದು. ಒಂದೇ ಆಕಾರದ ಎರಡು ಕಾಯಗಳಲ್ಲಿ ತೂಕವು ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಗೇಣುದ್ದಕ್ಕೂ ಕಡಮೆಯಾದ 15 ಸೆಂಟಿಮೀಟರಿನ ಮೀನು 30 ಸೆಂಟಿಮೀಟರಿಗೆ ಬೆಳೆದರೆ ತೂಕ ಇಮ್ಮಡಿಯಾಗುವುದಿಲ್ಲ, ಸುಮಾರು ಎಂಟು ಮಡಿಯಾಗುತ್ತದೆ. ಈ ನಡುವೆ ಅರ್ಧದಷ್ಟು ಮೀನುಗಳು ಕೊಕ್ಕರೆ, ಹಾವು, ರೋಗಗಳ ಪಾಲಾದರೂ ಉಳಿದವು ಮೊದಲಿನ ಒಟ್ಟು ತೂಕದ ನಾಲ್ಕರಷ್ಟನ್ನು ಕೊಡುತ್ತವೆ. ಅಲ್ಲದೆ ಎಳೆಯ ಮೀನಿಗೆ ಸಿಗುವ ಬೆಲೆಗಿಂತ ಬೆಳೆದ ಮೀನಿಗೆ ಸಿಗುವ ಬೆಲೆ ಕಿಲೋಗ್ರಾಂ ಲೆಕ್ಕದಲ್ಲಿಯೂ ಮೇಲೆ. ಇಷ್ಟು ಸರಳವಾದ ಲೆಕ್ಕವನ್ನು ಬಲೆಯ ಕಣ್ಣಿನ ಅಳತೆಯೊಂದೇ ಜಾರಿಗೆ ತರಬಲ್ಲುದು. ಭಾರತದ ಮೀನುಗಳ ಮಹಾಗ್ರಂಥವನ್ನು ಬರೆದ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು 1873ರಷ್ಟು ಹಿಂದೆಯೇ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ನಯಗಣ್ಣಿನ ಬಲೆಗಳಿಂದ ಮರಿಮೀನುಗಳು ನಾಶವಾಗುವುದನ್ನು ಖಂಡಿಸಿದ್ದನು. 1897ರ ಭಾರತೀಯ ಮೀನುಗಾರಿಕೆ ಶಾಸನವು ನೀರಿಗೆ ಸಿಡಿಮದ್ದು ಎಸೆಯುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದು ಸಾರಿತು. ಆಗ ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿತ್ತು. 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿತು. ಇಂದು ಒಳನಾಡು ಮೀನುಗಾರಿಕೆಯನ್ನು ಕುರಿತ ರಾಜ್ಯದ್ದೇ ಆದ 1996ರ ಅಧಿನಿಯಮವುಂಟು. ಶಾಸನದ ಕೊರತೆ ನಮ್ಮ ರೋಗವಲ್ಲ.

ಮೂರು ಊರುಗಳ ನೀರಿನ ರೋಗಗಳು ಮೂರು ಬಗೆಯವೆಂಬುದನ್ನು ಗಮನಿಸಬೇಕು. ಮಾನ್ವಿಯ ಬಹುಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುತ್ತದೆ. 1953ರಲ್ಲಿ ಆ ಅಣೆಕಟ್ಟು ಪೂರ್ತಿಯಾದ ಮೇಲೆ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಗದ್ದೆಗೆ ಎರಚಿದ ಗೊಬ್ಬರ ಮತ್ತು ಕೀಟನಾಶಕಗಳು ಬಸಿನೀರಿನೊಡನೆ ಹಳ್ಳಕ್ಕೂ ಕೆರೆಗೂ ಇಳಿಯುತ್ತವೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಪೈರೆಥ್ರಾಯಿಡ್ ವರ್ಗದ ಕೀಟನಾಶಕಗಳು ದನಕರುಗಳಿಗೆ ಅಷ್ಟಾಗಿ ಅಪಾಯಕರವಲ್ಲದಿದ್ದರೂ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೇ ಮಾರಕವಾದವು. ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ತಲಪಿದ ಕಡೆ ನೀರುಂಟು. ತಲಪದ ಕಡೆಗಳಲ್ಲಿ ಕೆರೆಗಳು ಇನ್ನೂ ಮಳೆಯನ್ನೇ ನಂಬಿವೆ, ಬೇಸಗೆಯಲ್ಲಿ ಒಣಗುವುದೇ ಅಲ್ಲಿಯ ಮುಖ್ಯ ತೊಂದರೆ. ನಗರದ ಕೆರೆಗಳ ಕಥೆ ಬೇರೆ. ಊರಿನ ಕೊಳಚೆ ಸೇರಿದ ನೀರಿನಲ್ಲಿ ಪಾಚಿ ಮಿತಿಮೀರಿ ಬೆಳೆದು, ಹಗಲೆಲ್ಲ ಆಮ್ಲಜನಕವನ್ನು ಸುರಿದು, ರಾತ್ರಿ ಅದನ್ನೆಲ್ಲ ಹಿಂದಕ್ಕೆ ಹೀರುತ್ತದೆ. ಒಂದಕ್ಕೆ ವಿಷ, ಒಂದಕ್ಕೆ ಬರ, ಒಂದಕ್ಕೆ ಅಜೀರ್ಣ. ಮೂರಕ್ಕೂ ವರ್ಷಕ್ಕೊಮ್ಮೆ ಮರಿ ಬಿಡುವ ಒಂದೇ ಔಷಧವನ್ನು ಕೊಟ್ಟು ಸುಮ್ಮನಾದರೆ ಫಲವೇನು?

ಇದೆಲ್ಲದರ ಹಿಂದೆ ಮನುಷ್ಯರಿದ್ದಾರೆ. ಅಂಬಿಗ, ಕಬ್ಬಲಿಗ, ಬೆಸ್ತ ಮುಂತಾದ ಹೆಸರುಗಳ ಸಮುದಾಯಗಳು ಹರಿಗೋಲು, ಬೀಸುಬಲೆ, ಕೂಳಿ, ಗಾಳಗಳನ್ನು ಹಿಡಿದು ತಲೆಮಾರುಗಳಿಂದ ಈ ನೀರನ್ನು ಬಲ್ಲವು. ಕೆರೆಯ ಹಕ್ಕು ಹಣವುಳ್ಳವನ ಕೈಗೆ ಹೋದಾಗ ಇವರು ತಮ್ಮ ಕೆರೆಯಲ್ಲಿಯೇ ದಿನಗೂಲಿಗಳಾಗುತ್ತಾರೆ. ಅದೂ ಇಲ್ಲದಾಗ ಬೆಂಗಳೂರು, ಪುಣೆಗಳ ಕಟ್ಟಡಗಳ ಕೆಲಸಕ್ಕೆ ಗುಳೆ ಹೋಗುತ್ತಾರೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತು. ಇಂತಹ ಸೀಮೆಯಲ್ಲಿ ಮಕ್ಕಳ ಊಟದ ಪ್ರಶ್ನೆಯೂ ಕೆರೆಯೊಡನೆ ಸೇರಿದೆ. ಗುತ್ತಿಗೆದಾರನ ಬಲೆಯ ದೊಡ್ಡ ಕಾಟ್ಲಾ ಪೇಟೆಗೆ ಹೋಗುತ್ತದೆ; ಬಡವನ ಗಡಿಗೆಗೆ ಬೀಳುತ್ತಿದ್ದುದು ಪೈಸೆಗೆ ಬಾರದ ಚಿಕ್ಕ ಮೀನು. ಆದರೆ ಎಲುಬು, ತಲೆ, ಕಣ್ಣು ಸಹಿತ ಇಡಿಯಾಗಿ ತಿನ್ನುವ ಆ ಚಿಕ್ಕ ಮೀನಿನಲ್ಲಿಯೇ ಸುಣ್ಣದ ಅಂಶವೂ ಎ ಜೀವಸತ್ತ್ವವೂ ಹೆಚ್ಚು. ಬಂಗ್ಲಾದೇಶದ ಚಿಕ್ಕ ಮೀನುಗಳ ಪೋಷಕಗುಣವನ್ನು ಎತ್ತಿ ತೋರಿಸಿ, ಕೊಳಗಳಲ್ಲಿ ಅವನ್ನು ದೊಡ್ಡ ಗೆಂಡೆಗಳೊಡನೆ ಬೆಳೆಸುವುದನ್ನು ಪ್ರಚಾರಪಡಿಸಿದ ಡಾ. ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ನಾವು ಕಳೆಯೆಂದು ಕಿತ್ತೊಗೆಯುತ್ತಿರುವುದು ಲೋಕವು ಮನ್ನಿಸಿದ ಔಷಧಿಯನ್ನು.

ಈ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಕೆರೆಯಿರುವುದು ಬೆಳೆಗೆ, ಮೀನಿಗಾಗಿ ನೀರನ್ನು ಉಳಿಸಿ ಪೈರನ್ನು ಒಣಗಿಸಬೇಕೆ ಎಂದು ರೈತನು ಕೇಳುವನು. ಎಲ್ಲವನ್ನೂ ಹಿಡಿಯಕೂಡದೆಂದರೆ ಕೊಟ್ಟ ಹಣ ಹುಟ್ಟುವುದು ಹೇಗೆ ಎಂದು ಗುತ್ತಿಗೆದಾರನು ಕೇಳುವನು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ರೈತನಿಗೆ ನಮ್ಮ ಉತ್ತರ ಹೀಗಿದೆ. ಈ ಸೀಮೆಯಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಆವಿಯಾಗುವುದು ನೀರಿನ ಮೇಲ್ಮೈಯಿಂದ. ಆಳಕ್ಕೆ ಅದು ಸುಂಕ ಹಾಕುವುದಿಲ್ಲ. ಬೇಸಗೆ ಮುಗಿಯುವುದರೊಳಗೆ ಒಂದು ಮೀಟರು ನೀರು ಆರಿಹೋಗುವುದೆಂದು ಭಾವಿಸೋಣ. ಒಂದು ಮೀಟರು ಆಳವಾಗಿ ಹರಡಿದ ನೀರು ಪೂರ್ಣವಾಗಿ ಮಾಯವಾಗುವುದು. ಅಷ್ಟೇ ನೀರನ್ನು ಮೂರರಲ್ಲಿ ಒಂದು ಭಾಗದ ವಿಸ್ತೀರ್ಣದಲ್ಲಿ ಮೂರು ಮೀಟರು ಆಳವಾಗಿ ನಿಲ್ಲಿಸಿದರೆ ಮೂರರಲ್ಲಿ ಎರಡು ಭಾಗ ಉಳಿಯುವುದು. ಆದುದರಿಂದ ಹೂಳೆತ್ತುವಾಗ ಕೆರೆಯನ್ನೆಲ್ಲ ಸಮನಾಗಿ ಕೆರೆಯದೆ, ತೂಬಿನ ಮಟ್ಟಕ್ಕಿಂತ ಕೆಳಗೆ ಒಂದು ಕಡೆ ಮಡುವೊಂದನ್ನು ತೋಡಬೇಕು. ಎರೆಮಣ್ಣಿನ ಜಿಗುಟು ತಳದಲ್ಲಿ ಇಂಗುವಿಕೆಯೂ ಕಡಮೆ. ಆ ನೀರು ಹೇಗೂ ತೂಬಿನಿಂದ ಹೊಲಕ್ಕೆ ಇಳಿಯುವಂತಹುದಲ್ಲ. ಅದರಿಂದ ರೈತನಿಗೆ ನಷ್ಟವಿಲ್ಲ, ದನಕರುಗಳಿಗೆ ಲಾಭವುಂಟು. ತಾಯಿಮೀನುಗಳಿಗೆ ಮಾತ್ರ ಅದು ಪ್ರಾಣ.

ಗುತ್ತಿಗೆದಾರನ ಪ್ರಶ್ನೆಗೆ ಉತ್ತರವು ಗುತ್ತಿಗೆಯ ಸ್ವರೂಪದಲ್ಲಿಯೇ ಇದೆ. ನಾಳೆ ಈ ಕೆರೆ ತನ್ನದಲ್ಲವೆಂದು ಬಲ್ಲವನು ನಾಳೆಗಾಗಿ ಏನನ್ನೂ ಉಳಿಸನು. ಬಿತ್ತನೆಯ ಬೀಜವನ್ನು ಬರಗಾಲದಲ್ಲಿಯೂ ಕುಟ್ಟಿ ತಿನ್ನದೆ ಕಾಯುವವನು ಹೊಲದ ಒಡೆಯನೇ ಹೊರತು ಕೂಲಿಯವನಲ್ಲ. ಎಲ್ಲರ ಸೊತ್ತು ಯಾರ ಸೊತ್ತೂ ಅಲ್ಲದೆ ಹಾಳಾಗುವುದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವಶಾಸ್ತ್ರಜ್ಞನು ವಾದಿಸಿದನು. ಆದರೆ ಬಳಸುವವರೇ ಕೂಡಿ ನಿಯಮ ಮಾಡಿಕೊಂಡು, ತಾವೇ ಕಾವಲಿದ್ದು, ತಪ್ಪಿದವನಿಗೆ ದಂಡ ಹಾಕುವ ಕಡೆಗಳಲ್ಲಿ ಹಾಗಾಗುವುದಿಲ್ಲವೆಂದು ಎಲಿನಾರ್ ಆಸ್ಟ್ರಾಂ ಅವರು ಅನೇಕ ದೇಶಗಳ ಉದಾಹರಣೆಗಳಿಂದ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ದೂರದ ದೇಶವೇಕೆ? ನೆರೆಯ ಕರ್ನೂಲು ಜಿಲ್ಲೆಯ ಹಳ್ಳಿಗಳು ಕಾಲುವೆನೀರನ್ನೂ ಹೊಲದ ಕಾವಲನ್ನೂ ತಾವೇ ಏರ್ಪಡಿಸಿಕೊಂಡ ಬಗೆಯನ್ನು ರಾಬರ್ಟ್ ವೇಡ್ ಎಂಬ ವಿದ್ವಾಂಸನು 1988ರಲ್ಲಿ ಒಂದು ಗ್ರಂಥವಾಗಿಯೇ ಬರೆದನು. ತುಂಗಭದ್ರೆಯ ಆಚೆ ಸಾಧ್ಯವಾದುದು ಈಚೆ ಅಸಾಧ್ಯವೆನ್ನಲು ಕಾರಣವಿಲ್ಲ.

ಆದುದರಿಂದ ನಾವು ಬಯಸುವುದಿಷ್ಟು. ಕೆರೆಯ ಮೀನಿನ ಹಕ್ಕು ಆಯಾ ಊರಿನ ಮೀನುಗಾರರ ಸಂಘಕ್ಕೆ ಮೊದಲು, ದೀರ್ಘಕಾಲಕ್ಕೆ ಸಲ್ಲಬೇಕು. ಆ ಹಕ್ಕಿನೊಡನೆ ಕರ್ತವ್ಯವನ್ನೂ ಕಟ್ಟಬೇಕು: ಬಲೆಯ ಕಣ್ಣಿಗೆ ಒಂದು ಅಳತೆ, ಮೊದಲ ಮಳೆಯಿಂದ ಎರಡು ತಿಂಗಳು ಹಿಡಿಯುವುದಕ್ಕೆ ಬಿಡುವು, ಮಡುವಿನ ನೀರನ್ನು ಯಾವ ಕಾರಣಕ್ಕೂ ಬರಿದುಮಾಡದ ಕಟ್ಟುಪಾಡು. ಗಂಗೆಯ ಮೀನುಗಳೊಡನೆ ಕೃಷ್ಣೆ ತುಂಗಭದ್ರೆಗಳ ಸ್ವಂತ ಮೀನುಗಳನ್ನೂ ಮರಿಕೇಂದ್ರಗಳಲ್ಲಿ ಬೆಳೆಸಬೇಕು. ಲೇಬಿಯೊ ಫಿಂಬ್ರಿಯೇಟಸ್ ಎಂಬ ದಕ್ಷಿಣದ ಗೆಂಡೆಯಂತಹವು ಇದಕ್ಕೆ ಯೋಗ್ಯವಾದವು. ಹೆಚ್ಚು ಹಣ ಕೂಗಿದವನು ಯಾರೆಂಬುದರ ಬದಲು, ಗುತ್ತಿಗೆ ಮುಗಿದಾಗ ಕೆರೆಯಲ್ಲಿ ಏನನ್ನು ಉಳಿಸಿ ಹೋದನೆಂಬುದು ಯೋಗ್ಯತೆಯ ಅಳತೆಯಾಗಬೇಕು.

ಇದರಲ್ಲಿ ವಿದ್ಯಾರ್ಥಿಗಳು ಮಾಡತಕ್ಕುದೇನು? ಬಹಳವಿದೆ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿಯು ನೀರಿನ ತಿಳಿಯನ್ನು ಅಳೆಯಲು ಒಂದು ಸುಲಭವಾದ ಸಾಧನವನ್ನು ಬಳಸಿದನು. ಊಟದ ತಟ್ಟೆಯಷ್ಟು ಅಗಲದ ಬಿಲ್ಲೆಗೆ ಬಿಳುಪು ಬಣ್ಣ ಹಚ್ಚಿ, ಅಳತೆಯ ಗಂಟುಗಳಿರುವ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಗುರುತಿಸುವುದಷ್ಟೇ ಕೆಲಸ. ನೀರಿನ ಹಸುರಿನಿಂದಾಗಿ 30ರಿಂದ 40 ಸೆಂಟಿಮೀಟರಿನಲ್ಲಿ ಮರೆಯಾದರೆ ಕೆರೆಯಲ್ಲಿ ಪ್ಲವಕಗಳು ಹಿತವಾಗಿ ಬೆಳೆದಿವೆಯೆಂದು ತಿಳಿಯಬಹುದು. ಮಣ್ಣಿನ ಬಣ್ಣದಿಂದಾಗಿ ಅದಕ್ಕೂ ಮೇಲೆಯೇ ಮರೆಯಾದರೆ ಮೀನಿಗೆ ಹಸಿವೆಂದು ತಿಳಿಯಬೇಕು. ಒಂದು ಉಷ್ಣಮಾಪಕ, ಈ ಒಂದು ಬಿಲ್ಲೆ, ಒಂದು ನೋಟುಪುಸ್ತಕ ಇದ್ದರೆ ಮಾನ್ವಿಯ ಅಥವಾ ದೇವದುರ್ಗದ ಒಂದು ಶಾಲೆ ತನ್ನ ಊರ ಕೆರೆಯ ವಾರವಾರದ ಚರಿತ್ರೆಯನ್ನು ಬರೆದಿಡಬಹುದು. ನೀರಿನ ಮಟ್ಟವೆಷ್ಟು, ಬಲೆಗೆ ಯಾವ ಯಾವ ಮೀನು ಬಿತ್ತು, ಮೊದಲ ಮರಿಗಳು ಎಂದು ಕಂಡವು, ಊರ ಹಿರಿಯರು ಬಲ್ಲ ಯಾವ ಮೀನು ಈಗ ಕಾಣುವುದಿಲ್ಲ ಎಂಬುದನ್ನೆಲ್ಲ ಅದರಲ್ಲಿ ಸೇರಿಸಬಹುದು. ಆಳದ ನೀರಿಗೆ ಒಬ್ಬೊಬ್ಬರಾಗಿ ಇಳಿಯದೆ, ಈಜು ಬಲ್ಲ ಹಿರಿಯರೊಡನೆಯೇ ಈ ಕೆಲಸ ಮಾಡತಕ್ಕುದೆಂಬ ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಹತ್ತು ವರ್ಷ ಇಂತಹ ಪುಸ್ತಕ ನಡೆದ ಊರಿನಲ್ಲಿ ಗುತ್ತಿಗೆಯ ಸಭೆಯ ಮಾತು ಬೇರೆಯಾಗಿಯೇ ಇರುವುದು, ಏಕೆಂದರೆ ಊಹೆಯ ಎದುರಿಗೆ ಲೆಕ್ಕ ನಿಂತಿರುವುದು.

ಕೆರೆಯ ಮೀನು ಯಾರ ಸೊತ್ತು ಎಂಬ ಪ್ರಶ್ನೆಯೊಡನೆ ಆರಂಭಿಸಿದೆವು. ಕೆರೆಯನ್ನು ಕಟ್ಟಿದವರು ತಾವು ಕಾಣದ ತಲೆಮಾರಿಗಾಗಿ ಮಣ್ಣು ಹೊತ್ತರು. ಆ ತಲೆಮಾರು ನಾವು. ಮುಂದಿನ ಬೇಸಗೆಯಲ್ಲಿ ಮಡುವಿನಲ್ಲಿ ಉಳಿಯುವ ಹತ್ತು ತಾಯಿಮೀನುಗಳು ನಮ್ಮವಲ್ಲ, ಅದರಾಚೆಯ ಮಳೆಗಾಲದವು. ಅವನ್ನು ಬಿಟ್ಟು ಉಳಿದುದನ್ನು ನಾವು ಧಾರಾಳವಾಗಿ ಹಿಡಿಯಬಹುದು.